ಕಾರಿನೊಳಗೊಂದು ಗಣಕಯಂತ್ರ

ಮನೆಯಲ್ಲಿ ಬಳಸುವ ಯಂತ್ರವೊಂದನ್ನು ಓಡುವ ಗಾಡಿಯೊಳಕ್ಕೆ ತಂದಿಟ್ಟುಕೊಳ್ಳಬೇಕೆಂಬುದು ಮನುಷ್ಯನಿಗೆ ಹೊಸ ಆಸೆಯೇನಲ್ಲ. ವಾಚಕರಿಗೆ ಚಿರಪರಿಚಿತವಾದ ರೇಡಿಯೋ ಇದಕ್ಕೆ ಒಳ್ಳೆಯ ನಿದರ್ಶನ. 1930ರಲ್ಲಿ ಅಮೆರಿಕದ ಷಿಕಾಗೋ ನಗರದ ಗ್ಯಾಲ್ವಿನ್ ಸಂಸ್ಥೆಯವರು ಕಾರಿಗೆಂದೇ ಒಂದು ರೇಡಿಯೋವನ್ನು ತಯಾರಿಸಿ ಅದಕ್ಕೆ ಮೋಟೊರೋಲ ಎಂದು ಹೆಸರಿಟ್ಟರು. ಮನೆಯ ರೇಡಿಯೋ ಆ ವೇಳೆಗಾಗಲೇ ಬಳಕೆಗೆ ಬಂದಿತ್ತು. ಅದನ್ನೇ ಕಾರಿನಲ್ಲಿ ಕೂರಿಸಲು ನಾಲ್ಕು ತಿರುಪುಮೊಳೆ ಸಾಲದೇ ಎಂದು ಯಾರಿಗಾದರೂ ತೋರಬಹುದು. ಆದರೆ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗು ಕಿಡಿ ಹಾರಿಸಿದಾಗಲೆಲ್ಲ ರೇಡಿಯೋ ಗರಗರ ಎನ್ನುತ್ತಿತ್ತು. ಅಂದಿನ ಕಾರಿನ ಬ್ಯಾಟರಿ ಕೊಡುತ್ತಿದ್ದುದು ಸಾಮಾನ್ಯವಾಗಿ ಆರೇ ವೋಲ್ಟು. ರೇಡಿಯೋದ ವಾಲ್ವುಗಳಿಗೆ ಬೇಕಾಗಿದ್ದುದು ಅದರ ಎಷ್ಟೋ ಪಟ್ಟು. ರಸ್ತೆಯ ಕುಲುಕಾಟ, ಎಂಜಿನ್ನಿನ ಕಾವು ಬೇರೆ. ಹಾಡುವ ಯಂತ್ರ ಸಿದ್ಧವಾಗಿತ್ತು. ಅದನ್ನು ಕಾರಿಗೆ ಹೊಂದಿಸುವುದೇ ಕಷ್ಟದ ಕೆಲಸವಾಗಿತ್ತು.

ಅದೇ ಮಾತು ಇಂದು ಗಣಕಯಂತ್ರಕ್ಕೂ ಸಲ್ಲುತ್ತದೆ. ಮನೆಯ ಮೇಜಿನ ಮೇಲೆ ಚಿಕ್ಕದೊಂದು ಗಣಕವನ್ನು ಜೋಡಿಸಿಕೊಳ್ಳುವುದು ಪ್ರೌಢಶಾಲೆಯ ಹುಡುಗರಿಗೂ ಸಾಧ್ಯವಾದ ಕೆಲಸ. ಅದನ್ನು ಕಾರಿನಲ್ಲಿಟ್ಟು, ಬೇಕಾದಾಗ ಎತ್ತಿಕೊಂಡು ಮನೆಯೊಳಕ್ಕೆ ತರುವಂತೆ ಮಾಡಿಕೊಳ್ಳುವುದು ಸ್ವಲ್ಪ ಹೆಚ್ಚಿನ ವಿವೇಚನೆಯನ್ನು ಬೇಡುತ್ತದೆ. ಆ ವಿವೇಚನೆ ಯಾವುದು, ಎಲ್ಲೆಲ್ಲಿ ಎಚ್ಚರ ಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕನ್ನಡ ಪಾಠ ಹೇಳುವವನಿಗೆ ಈ ತಂತಿ-ತಿರುಪುಗಳ ಗೊಡವೆ ಏಕೆ ಎಂದು ತಾವು ಕೇಳಬಹುದು. 'ಗಣಕ' ಎಂಬ ಮಾತೇ ನಮ್ಮ ಕೋಶಗಳಲ್ಲಿ ಮೊದಲಿನಿಂದ ಇದ್ದ ಮಾತು. ಲೆಕ್ಕ ಹಾಕುವವನು, ಗ್ರಹಗತಿಯನ್ನು ಗುಣಿಸಿ ಹೇಳುವ ಜೋಯಿಸ ಎಂದು ಅದರ ಹಳೆಯ ಅರ್ಥ. ಇಂಗ್ಲಿಷಿನಲ್ಲಿಯೂ ಕಂಪ್ಯೂಟರ್ ಎಂದರೆ ಒಂದು ಕಾಲದಲ್ಲಿ ಲೆಕ್ಕ ಮಾಡಲು ನೇಮಿಸಿಕೊಂಡ ಮನುಷ್ಯನೇ ಆಗಿದ್ದನು. ಎರಡು ನುಡಿಗಳಲ್ಲಿಯೂ ಮನುಷ್ಯನ ಹೆಸರು ಯಂತ್ರಕ್ಕೆ ಸಂದಿತು. ಹೆಸರನ್ನು ವಿವರಿಸುವವನು ವಸ್ತುವನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ತಪ್ಪೇನೂ ಇಲ್ಲ.

ಕಾರಿನ ಗಣಕ ಬೆಳೆದು ಬಂದ ಬಗೆ

1998ರಲ್ಲಿ ಜಪಾನಿನ ಕ್ಲಾರಿಯನ್ ಸಂಸ್ಥೆಯವರು ಮೈಕ್ರೋಸಾಫ್ಟಿನವರ ತಂತ್ರಾಂಶವನ್ನು ಬಳಸಿ, ಕಾರಿನ ರೇಡಿಯೋ ಇರುವ ಕಿಂಡಿಯಲ್ಲಿಯೇ ಕೂರುವಂತಹ 'ಆಟೋ ಪಿಸಿ' ಎಂಬ ಗಣಕವನ್ನು ಹೊರತಂದರು. ಅದು ಬಹಳ ಮನೆಗಳನ್ನು ಮುಟ್ಟಲಿಲ್ಲ. 2001ರಲ್ಲಿ ತೈವಾನಿನ ವಿಯಾ ಸಂಸ್ಥೆಯವರು ಹದಿನೇಳು ಸೆಂಟಿಮೀಟರ್ ಚೌಕದ 'ಮಿನಿ ಐಟಿಎಕ್ಸ್' ಎಂಬ ಫಲಕದ ಅಳತೆಯನ್ನು ಗೊತ್ತುಮಾಡಿದರು. ಆ ಬಳಿಕ ಹವ್ಯಾಸಿಗಳು ಅಂತಹ ಫಲಕಗಳನ್ನು ಕಾರಿನ ಆಸನದ ಕೆಳಗೋ ಡಿಕ್ಕಿಯಲ್ಲೋ ಇಟ್ಟು, ಮುಂದೆ ಪುಟ್ಟ ಪರದೆಯನ್ನು ಹೂಡಿ, ತಮ್ಮ ಕೈಯಾರೆ ಗಣಕಗಳನ್ನು ಕಟ್ಟತೊಡಗಿದರು.

ಈ ಹವ್ಯಾಸವನ್ನು ಸಾಮಾನ್ಯರ ಅಳವಿಗೆ ತಂದದ್ದು ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ಹುಟ್ಟಿ 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ 'ರಾಸ್ಪ್‌ಬೆರಿ ಪೈ' ಎಂಬ ಗಣಕ. ಮಕ್ಕಳು ಗಣಕವನ್ನು ಬರಿದೇ ಬಳಸದೆ ಅದರ ಒಳಗನ್ನೂ ಅರಿಯಬೇಕೆಂಬ ಉದ್ದೇಶದಿಂದ ಅದನ್ನು ರೂಪಿಸಿದರು. 2019ರಲ್ಲಿ ಬಂದ ಅದರ ನಾಲ್ಕನೆಯ ಮಾದರಿಯನ್ನು ನಮ್ಮ ವಿವರಣೆಗೆ ಆರಿಸಿಕೊಳ್ಳೋಣ. ಅದರ ಫಲಕ 85 ಮಿಲಿಮೀಟರ್ ಉದ್ದ, 56 ಮಿಲಿಮೀಟರ್ ಅಗಲ. ವಿದ್ಯಾರ್ಥಿಯ ಬಸ್ ಪಾಸಿನಷ್ಟು ಎನ್ನಬಹುದು. ಅದಕ್ಕೆ ಬೇಕಾದುದು ಐದು ವೋಲ್ಟಿನ ವಿದ್ಯುತ್ತು, ಹೆಚ್ಚೆಂದರೆ ಮೂರು ಆಂಪಿಯರ್.

ಇದರ ಜೊತೆಗೆ ಏಳು ಅಂಗುಲದ ಒಂದು ಸ್ಪರ್ಶಪರದೆ, ತಂತ್ರಾಂಶವನ್ನು ತುಂಬಿಡುವ ಉಗುರಿನಷ್ಟು ಗಾತ್ರದ ಮೆಮೊರಿ ಕಾರ್ಡು, ಸ್ಥಳವನ್ನು ತಿಳಿಸುವ ಜಿಪಿಎಸ್ ಗ್ರಾಹಕ, ಎಂಜಿನ್ನಿನೊಡನೆ ಮಾತನಾಡುವ ಒಂದು ಕೊಂಡಿ, ಸಣ್ಣ ಧ್ವನಿವರ್ಧಕ, ಇವೆಲ್ಲವನ್ನೂ ಹಿಡಿಸುವ ಒಂದು ಪೆಟ್ಟಿಗೆ: ಇಷ್ಟಾದರೆ ಸಾಮಗ್ರಿ ಮುಗಿಯಿತು. ಇದನ್ನು ಮೊದಲು ಮನೆಯ ಮೇಜಿನ ಮೇಲೆ ಜೋಡಿಸಿ, ಗೋಡೆಯ ಪ್ಲಗ್ಗಿನಿಂದ ವಿದ್ಯುತ್ತು ಕೊಟ್ಟು, ಒಂದು ವಾರ ನಡೆಸಿ ನೋಡತಕ್ಕದ್ದು. ಮೇಜಿನ ಮೇಲೆ ಸರಿಯಾಗಿ ನಡೆಯದ ಯಂತ್ರವನ್ನು ಕಾರಿಗೆ ಒಯ್ದು ರಿಪೇರಿ ಮಾಡಲು ಹೊರಡುವುದು ವ್ಯರ್ಥಶ್ರಮ.

ಕಾರಿನ ವಿದ್ಯುತ್ತನ್ನು ಪಳಗಿಸುವ ಬಗೆ

ಕಾರಿನ ಬ್ಯಾಟರಿಯನ್ನು ಹನ್ನೆರಡು ವೋಲ್ಟಿನದೆಂದು ಕರೆಯುವುದು ವಾಡಿಕೆ. ವಾಸ್ತವವಾಗಿ ಅದು ಒಂದು ನಿಲುವಿನಲ್ಲಿ ನಿಲ್ಲುವುದಿಲ್ಲ. ತುಂಬಿದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟು ತೋರಿಸುತ್ತದೆ. ಎಂಜಿನ್ ನಡೆಯುವಾಗ ಆಲ್ಟರ್ನೇಟರು ಅದನ್ನು ತುಂಬುತ್ತಿರುವುದರಿಂದ 14ರ ಆಸುಪಾಸಿಗೆ ಏರುತ್ತದೆ. ಕೀಲಿ ತಿರುಗಿಸಿ ಎಂಜಿನ್ನನ್ನು ಎಬ್ಬಿಸುವ ಕ್ಷಣದಲ್ಲಿ ಒಂಬತ್ತಕ್ಕೋ ಇನ್ನೂ ಕೆಳಕ್ಕೋ ಕುಸಿಯುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿ ಸಡಿಲವಾಗಿ ಕಳಚಿಕೊಂಡಿತೆಂದರೆ, ರಕ್ಷಣೆಯಿಲ್ಲದ ಗಾಡಿಯಲ್ಲಿ ಕ್ಷಣಕಾಲ ನೂರು ವೋಲ್ಟಿನ ಸಮೀಪದವರೆಗೂ ಪುಟಿಯಬಹುದು. ಇಂತಹ ಪ್ರವಾಹದ ದಡದಲ್ಲಿ ಐದೇ ವೋಲ್ಟನ್ನು ನಂಬಿದ ಗಣಕವನ್ನು ಕೂರಿಸಬೇಕಾಗಿದೆ.

ಹನ್ನೆರಡನ್ನು ಐದಕ್ಕೆ ಇಳಿಸಲು ಎರಡು ದಾರಿಗಳುಂಟು. ಹಳೆಯ ದಾರಿಯಲ್ಲಿ ಹೆಚ್ಚಾದ ವೋಲ್ಟನ್ನು ಕಾವಾಗಿ ಸುಟ್ಟು ಕಳೆಯುತ್ತಾರೆ. ಲೆಕ್ಕ ನೋಡಿ: 14ರಲ್ಲಿ 5 ಕಳೆದರೆ 9 ವೋಲ್ಟು. ಗಣಕ 2 ಆಂಪಿಯರ್ ಎಳೆದರೆ 9ನ್ನು 2ರಿಂದ ಗುಣಿಸಿ 18 ವಾಟು. ಗಣಕಕ್ಕೆ ದೊರೆತದ್ದು 10 ವಾಟು, ಕಾವಾಗಿ ಹೋದದ್ದು 18 ವಾಟು. ಅಡಿಗೆಗಿಂತ ಹೊಗೆಯೇ ಹೆಚ್ಚಾದ ಒಲೆಯಂತೆ ಇದು.

ಎರಡನೆಯ ದಾರಿ 'ಬಕ್ ಕನ್ವರ್ಟರ್' ಎಂಬ ಉಪಕರಣದ್ದು. ಕೊಳಾಯಿಯನ್ನು ಅರೆಬರೆ ತಿರುಗಿಸುವ ಬದಲು, ಒಮ್ಮೆ ಪೂರ್ತಿ ತೆರೆದು ಒಮ್ಮೆ ಪೂರ್ತಿ ಮುಚ್ಚಿ, ಆ ನೀರನ್ನು ಒಂದು ತೊಟ್ಟಿಗೆ ಬಿಟ್ಟು, ತೊಟ್ಟಿಯಿಂದ ಸಮನಾದ ಧಾರೆಯನ್ನು ಪಡೆಯುವಂತೆ ಇದರ ಕೆಲಸ. ಇಲ್ಲಿ ಕೊಳಾಯಿಯೆಂದರೆ ಸೆಕೆಂಡಿಗೆ ಲಕ್ಷಕ್ಕೂ ಮಿಕ್ಕಿ ಸಲ ತೆರೆದು ಮುಚ್ಚುವ ಒಂದು ವಿದ್ಯುತ್ ಗುಂಡಿ. ತೊಟ್ಟಿಯೆಂದರೆ ತಂತಿಸುರುಳಿ ಮತ್ತು ಕೆಪಾಸಿಟರು. ಇದರಲ್ಲಿ ಹಾಳಾಗುವ ಶಕ್ತಿ ಬಹಳ ಕಡಮೆ. ಕಾರಿಗೆಂದೇ ಮಾಡಿದ, ಏರಿಳಿತಗಳನ್ನೂ ಪುಟಿತವನ್ನೂ ತಾಳಬಲ್ಲ ಕನ್ವರ್ಟರನ್ನೇ ಕೊಳ್ಳಬೇಕು. ಗಣಕಕ್ಕೆ ತೆತ್ತ ಹಣವನ್ನು ಕಾಯುವುದು ಇದೇ ಆದುದರಿಂದ ಇಲ್ಲಿ ಜಿಪುಣತನ ಕೂಡದು.

ಹೊಸಬರಿಗೆ ನನ್ನ ಸಲಹೆಯಿಷ್ಟು. ಕಾರಿನ ಯಾವ ತಂತಿಯನ್ನೂ ಕತ್ತರಿಸದೆ, ಸಿಗರೇಟು ಹೊತ್ತಿಸಲೆಂದು ಮೊದಲು ಇಟ್ಟು ಈಗ ಫೋನು ಚಾರ್ಜು ಮಾಡಲು ಬಳಸುವ ಸಾಕೆಟ್ಟಿನಿಂದಲೇ ವಿದ್ಯುತ್ತನ್ನು ಪಡೆಯಿರಿ. ಅದಕ್ಕೆ ಕಾರಿನಲ್ಲಿಯೇ ಫ್ಯೂಸು ಇರುತ್ತದೆ. ಪೆಟ್ಟಿಗೆಯನ್ನು ಕಳಚಿ ಮನೆಗೆ ತರುವುದೂ ಸುಲಭ. ಹಾಗಲ್ಲದೆ ಬ್ಯಾಟರಿಯಿಂದಲೇ ತಂತಿ ಎಳೆಯುವುದಾದರೆ, ಫ್ಯೂಸನ್ನು ಗಣಕದ ಬಳಿ ಇಡದೆ ಬ್ಯಾಟರಿಯ ಬಳಿಯೇ ಇಡಬೇಕು. ಫ್ಯೂಸು ಇರುವುದು ತಂತಿಯನ್ನು ಕಾಯಲು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ಕಾವಲಿಲ್ಲ. ಆ ತುಂಡಿನ ಹೊದಿಕೆ ಸವೆದು ತಗಡಿಗೆ ತಾಕಿದರೆ, ನೂರಾರು ಆಂಪಿಯರ್ ಹರಿಸಬಲ್ಲ ಬ್ಯಾಟರಿ ಅದನ್ನು ಕ್ಷಣಮಾತ್ರದಲ್ಲಿ ಕೆಂಪಗೆ ಕಾಯಿಸಿಬಿಡುತ್ತದೆ. ಕಾರಿಗೆ ಬೆಂಕಿ ಬೀಳಲು ಅಷ್ಟು ಸಾಕು.

ಗಣಕವನ್ನು ಮಲಗಿಸುವ ಬಗೆ

ವಿದ್ಯುತ್ತನ್ನು ಒಳಕ್ಕೆ ತಂದುದಾಯಿತು. ಅದನ್ನು ನಿಲ್ಲಿಸುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಬಹು ಮಂದಿ ಹವ್ಯಾಸಿಗಳು ಎಡವುವುದು ಇಲ್ಲಿಯೇ. ರೇಡಿಯೋವನ್ನು ಯಾವಾಗ ಬೇಕಾದರೂ ತಟ್ಟನೆ ಆರಿಸಬಹುದು. ಅದಕ್ಕೆ ನೆನಪಿನ ಹೊರೆ ಇಲ್ಲ. ಗಣಕದ ರೀತಿ ಬೇರೆ. ಅದು ಅಂಗಡಿಯ ಗುಮಾಸ್ತನ ಹಾಗೆ. ವ್ಯಾಪಾರದ ಭರದಲ್ಲಿ ಗುಮಾಸ್ತನು ಲೆಕ್ಕವನ್ನು ಚೀಟಿಯಲ್ಲಿ ಗೀಚಿಟ್ಟುಕೊಂಡು, ಬಿಡುವಾದಾಗ ಕಿರ್ದಿಗೆ ಇಳಿಸುತ್ತಾನೆ. ಕಿರ್ದಿ ಬರೆಯುತ್ತಿರುವಾಗಲೇ ದೀಪ ಆರಿಸಿದರೆ ಅರ್ಧ ಬರೆದ ಸಾಲು, ಕಳೆದುಹೋದ ಚೀಟಿ, ಮಾರನೆಯ ದಿನ ಕೂಡಿಬಾರದ ಲೆಕ್ಕ. ಗಣಕವೂ ಮೆಮೊರಿ ಕಾರ್ಡಿಗೆ ಬರೆಯಬೇಕಾದುದನ್ನು ಕೆಲಹೊತ್ತು ತನ್ನ ನೆನಪಿನಲ್ಲಿಟ್ಟುಕೊಂಡು ಆಮೇಲೆ ಬರೆಯುತ್ತದೆ. ಆ ನಡುವೆ ಕೀಲಿ ತಿರುಗಿಸಿ ಕಾರು ನಿಲ್ಲಿಸಿದರೆ ಕಾರ್ಡಿನ ಬರಹ ಕೆಡುತ್ತದೆ. ಒಂದೆರಡು ಸಲ ಕ್ಷೇಮವಾಗಿ ಉಳಿದೀತು. ಎಂದೋ ಒಂದು ಬೆಳಿಗ್ಗೆ ಗಣಕ ಎಚ್ಚರಗೊಳ್ಳಲು ನಿರಾಕರಿಸುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಸುಲಭವಾದುದು ಮೊದಲು. ತಂತ್ರಾಂಶವನ್ನೆಲ್ಲ ಹೊಂದಿಸಿದ ಮೇಲೆ ಕಾರ್ಡನ್ನು 'ಓದಲು ಮಾತ್ರ' ಎಂಬ ಸ್ಥಿತಿಗೆ ತರುವುದು. ರಾಸ್ಪ್‌ಬೆರಿ ಪೈಯ ತಂತ್ರಾಂಶದಲ್ಲಿ ಇದಕ್ಕೆ ಏರ್ಪಾಡಿದೆ. ಆಗ ಗಣಕ ಕಾರ್ಡಿನಲ್ಲಿ ಏನನ್ನೂ ಬರೆಯದೆ ಎಲ್ಲವನ್ನೂ ನೆನಪಿನಲ್ಲಿಯೇ ನಡೆಸುತ್ತದೆ. ತಟ್ಟನೆ ಆರಿಸಿದರೂ ಕಿರ್ದಿಗೆ ಹಾನಿಯಿಲ್ಲ. ಆದರೆ ಆ ದಿನದ ಪ್ರಯಾಣದ ದಾಖಲೆಯೂ ಉಳಿಯುವುದಿಲ್ಲ.

ಎರಡನೆಯ ಪರಿಹಾರದಲ್ಲಿ ಗಣಕಕ್ಕೆ ಎರಡು ತಂತಿಗಳು ಬೇಕು. ಒಂದು ಸದಾ ವಿದ್ಯುತ್ತಿರುವ ತಂತಿ, ಇನ್ನೊಂದು ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ತಂತಿ. ಗಣಕ ಉಣ್ಣುವುದು ಮೊದಲನೆಯದರಿಂದ. ಎರಡನೆಯದನ್ನು ಅದು ಬರಿಯ ಸೂಚನೆಯಾಗಿ ಗಮನಿಸುತ್ತಿರುತ್ತದೆ. ಕೀಲಿಯ ತಂತಿ ಸತ್ತೊಡನೆ 'ಒಡೆಯರು ಇಳಿದರು' ಎಂದು ತಿಳಿದು, ಕಿರ್ದಿಯನ್ನು ಮುಗಿಸಿ, ತಾನಾಗಿ ಮಲಗುತ್ತದೆ. ನಿಮಿಷದ ಬಳಿಕ ಒಂದು ಟೈಮರ್ ರಿಲೇ ಮೊದಲನೆಯ ತಂತಿಯನ್ನೂ ಕಡಿಯುತ್ತದೆ. ಇಲ್ಲೊಂದು ಎಚ್ಚರಿಕೆ: ಪೈಯ ಸೂಚನಾಮುಳ್ಳುಗಳು ತಾಳುವುದು 3.3 ವೋಲ್ಟು ಮಾತ್ರ. ಕೀಲಿಯ ಹನ್ನೆರಡು ವೋಲ್ಟನ್ನು ನೇರವಾಗಿ ತಾಕಿಸಿದರೆ ಫಲಕ ಸುಟ್ಟುಹೋಗುತ್ತದೆ. ನಡುವೆ 'ಆಪ್ಟೋಕಪ್ಲರ್' ಎಂಬ ಪುಟ್ಟ ಬಿಡಿಭಾಗವನ್ನು ಇಡಬೇಕು. ಅದರೊಳಗೆ ಈ ಕಡೆ ಒಂದು ದೀಪ, ಆ ಕಡೆ ಬೆಳಕನ್ನು ಕಾಣಬಲ್ಲ ಒಂದು ಕಣ್ಣು. ಸುದ್ದಿ ಬೆಳಕಿನ ರೂಪದಲ್ಲಿ ದಾಟುತ್ತದೆ, ವಿದ್ಯುತ್ತು ದಾಟುವುದಿಲ್ಲ.

ರಿಲೇ ಏಕೆ ಬೇಕೆಂಬುದಕ್ಕೆ ಸ್ವಲ್ಪ ಅಂಕಗಣಿತ. ಪರದೆಯೂ ಸೇರಿ ಗಣಕ ಹತ್ತು ವಾಟು ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಕನ್ವರ್ಟರಿನ ನಷ್ಟವನ್ನೂ ಸೇರಿಸಿ, ಬ್ಯಾಟರಿಯಿಂದ ಸುಮಾರು ಒಂದು ಆಂಪಿಯರ್ ಹೋಗುತ್ತದೆ. ಚಿಕ್ಕ ಕಾರಿನ ಬ್ಯಾಟರಿ 35 ಆಂಪಿಯರ್-ಗಂಟೆಯದು. ಅದರಲ್ಲಿ ಅರ್ಧವನ್ನಾದರೂ ಎಂಜಿನ್ ಎಬ್ಬಿಸಲೆಂದು ಉಳಿಸಬೇಕು. ಉಳಿದುದು ಹದಿನೇಳು ಗಂಟೆಯ ಮಾತು. ಶನಿವಾರ ಸಂಜೆ ಗಣಕವನ್ನು ಮಲಗಿಸದೆ ಮನೆಗೆ ಹೋದವರು, ಭಾನುವಾರ ಮಧ್ಯಾಹ್ನ ಮದುವೆಗೆ ಹೊರಡಲು ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದಷ್ಟೇ ಬಂದೀತು. ನೆರೆಹೊರೆಯವರು ಕಾರನ್ನು ತಳ್ಳಬೇಕಾದೀತು. ರಾತ್ರಿ ವೇಳೆಯಲ್ಲಿ ಆಸ್ಪತ್ರೆಗೆ ಹೊರಡಬೇಕಾದ ಮನೆಯಾಗಿದ್ದರೆ ಅದು ತಳ್ಳಾಟದಲ್ಲಿ ಮುಗಿಯುವ ಮಾತಲ್ಲ. ಆದಕಾರಣ ಬ್ಯಾಟರಿಯ ವೋಲ್ಟು ಹನ್ನೆರಡಕ್ಕಿಂತ ಕೆಳಗಿಳಿದು ಕೆಲವು ನಿಮಿಷ ಅಲ್ಲಿಯೇ ನಿಂತರೆ ತಾನಾಗಿ ಕಡಿದುಕೊಳ್ಳುವ ವ್ಯವಸ್ಥೆಯುಳ್ಳ ಕನ್ವರ್ಟರು ಲೇಸು.

ಕಾವು, ಕುಲುಕಾಟ, ಗಡಿಯಾರ

ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಬೇಸಗೆಯಲ್ಲಿ ಗಾಳಿಯೇ ಅರವತ್ತು ಡಿಗ್ರಿಯವರೆಗೆ ಕಾಯಬಹುದು. ಬಿಸಿಲು ಬಿದ್ದ ಡ್ಯಾಶ್‌ಬೋರ್ಡಿನ ಕಾವು ಇನ್ನೂ ಹೆಚ್ಚು. ಪೈ ತನ್ನ ಒಡಲಿನ ಕಾವು ಎಂಬತ್ತು ಡಿಗ್ರಿ ದಾಟಿದರೆ ತಾನಾಗಿ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆದುದರಿಂದ ಫಲಕವನ್ನು ಡ್ಯಾಶ್‌ಬೋರ್ಡಿನ ಮೇಲಿಡದೆ ಆಸನದ ಕೆಳಗೋ ಸಾಮಾನಿನ ಖಾನೆಯಲ್ಲೋ ಇಟ್ಟು, ಪರದೆಯನ್ನು ಮಾತ್ರ ಮುಂದಕ್ಕೆ ತನ್ನಿ. ಕಾವು ಹೀರುವ ಲೋಹದ ತುಂಡನ್ನು ಫಲಕಕ್ಕೆ ಅಂಟಿಸಿ, ಪೆಟ್ಟಿಗೆಗೆ ಗಾಳಿಕಿಂಡಿ ಬಿಡಿ. ಫೋನುಗಳಿಗೆ ಬಳಸುವ ಲಿಥಿಯಂ ಬ್ಯಾಟರಿಯ ಪವರ್ ಬ್ಯಾಂಕನ್ನು ಗಣಕದ ಜೊತೆಗೆ ಕಾರಿನಲ್ಲಿಯೇ ಬಿಟ್ಟುಹೋಗುವುದು ಮಾತ್ರ ಕೂಡದು. ಅಂತಹ ಕಾವಿನಲ್ಲಿ ಅದು ಉಬ್ಬಿ ಬೆಂಕಿ ಹತ್ತಿಕೊಳ್ಳುವ ಅಪಾಯವಿದೆ. ಇಳಿಯುವಾಗ ಪೆಟ್ಟಿಗೆಯನ್ನೇ ಎತ್ತಿಕೊಂಡು ಬರುವುದು ಕಾವಿಗೂ ಕಳ್ಳನಿಗೂ ಒಂದೇ ಮದ್ದು.

ಕುಲುಕಾಟಕ್ಕೆ ಮದ್ದು ರಬ್ಬರಿನ ಬಿಲ್ಲೆ. ಪೆಟ್ಟಿಗೆಯ ನಾಲ್ಕು ಮೂಲೆಗಳಲ್ಲಿ ಅದನ್ನಿಟ್ಟು, ಪ್ಲಗ್ಗುಗಳು ಸಡಿಲವಾಗದಂತೆ ತಂತಿಗಳನ್ನು ಪೆಟ್ಟಿಗೆಗೆ ಬಿಗಿದು ಕಟ್ಟಬೇಕು.

ಇನ್ನೊಂದು ಸೂಕ್ಷ್ಮ. ಪೈಯ ನಾಲ್ಕನೆಯ ಮಾದರಿಯವರೆಗೆ ಅದಕ್ಕೆ ತನ್ನದೇ ಆದ ಗಡಿಯಾರವಿಲ್ಲ. ಅಂತರ್ಜಾಲವನ್ನು ಕೇಳಿ ಅದು ವೇಳೆಯನ್ನು ತಿಳಿದುಕೊಳ್ಳುತ್ತದೆ. ಕಾರಿನಲ್ಲಿ ಅಂತರ್ಜಾಲವಿಲ್ಲದಿದ್ದರೆ ನಿನ್ನೆ ಮಲಗಿದ ಹೊತ್ತನ್ನೇ ಈಗಿನ ಹೊತ್ತೆಂದು ಭಾವಿಸುತ್ತದೆ. ಸಣ್ಣ ಗಡಿಯಾರದ ಬಿಡಿಭಾಗವೊಂದನ್ನು ಸೇರಿಸಬಹುದು, ಇಲ್ಲವೆ ಜಿಪಿಎಸ್ಸಿನಿಂದ ವೇಳೆ ಪಡೆಯಬಹುದು. ಆ ಉಪಗ್ರಹಗಳಲ್ಲಿರುವುದು ಪರಮಾಣು ಗಡಿಯಾರಗಳು. 2023ರಲ್ಲಿ ಬಂದ ಐದನೆಯ ಮಾದರಿಯಲ್ಲಿ ಗಡಿಯಾರವನ್ನು ಫಲಕದಲ್ಲಿಯೇ ಇಟ್ಟಿದ್ದಾರೆ. ಆದರೆ ಅದರ ವಿದ್ಯುತ್ತಿನ ಹಸಿವು ದೊಡ್ಡದು, ಐದು ಆಂಪಿಯರಿನ ಸರಬರಾಜು ಬೇಕು.

ಇಷ್ಟೆಲ್ಲ ಮಾಡಿ ಪಡೆಯುವುದೇನು?

ಕೈಯಲ್ಲಿ ಫೋನಿರುವಾಗ ಈ ಗಣಕವೇಕೆ ಎಂಬುದು ನ್ಯಾಯವಾದ ಪ್ರಶ್ನೆ. ದಾರಿ ತೋರುವುದನ್ನೂ ಹಾಡು ಕೇಳಿಸುವುದನ್ನೂ ಫೋನು ಚೆನ್ನಾಗಿಯೇ ಮಾಡುತ್ತದೆ. ಅಷ್ಟೇ ಬೇಕಾದವರು ಈ ಶ್ರಮಕ್ಕೆ ಇಳಿಯಬೇಕಾಗಿಲ್ಲ. ಆದರೆ ತನ್ನ ಕೈಯಿಂದ ಕಟ್ಟಿದ ಗಣಕ ತನ್ನ ಇಚ್ಛೆಯಂತೆ ನಡೆಯುತ್ತದೆ. ಸಾರ್ವಜನಿಕರು ಕೂಡಿ 2004ರಿಂದ ಬರೆಯುತ್ತ ಬಂದಿರುವ 'ಓಪನ್‌ಸ್ಟ್ರೀಟ್‌ಮ್ಯಾಪ್' ಎಂಬ ನಕ್ಷೆಯನ್ನು ಕಾರ್ಡಿನಲ್ಲಿಯೇ ತುಂಬಿಟ್ಟುಕೊಂಡರೆ, ಆಗುಂಬೆಯ ತಿರುವಿನಲ್ಲಿ ಫೋನಿನ ಸಂಕೇತ ಕಡಿದುಹೋದರೂ ನಕ್ಷೆ ಕಡಿಯುವುದಿಲ್ಲ. ಸ್ಥಳ ತಿಳಿಸುವ ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅವುಗಳಲ್ಲಿ ನಾಲ್ಕು ಕಂಡರೆ ಸಾಕು. ಮೂರರಿಂದ ಸ್ಥಾನ ತಿಳಿಯುತ್ತದೆ. ನಾಲ್ಕನೆಯದು ನಮ್ಮ ಗ್ರಾಹಕದ ಗಡಿಯಾರದ ತಪ್ಪನ್ನು ತಿದ್ದುತ್ತದೆ.

ಇದಕ್ಕಿಂತ ಹೆಚ್ಚಿನ ಲಾಭ ಎಂಜಿನ್ನಿನೊಡನೆ ನಡೆಸುವ ಸಂಭಾಷಣೆ. ಅಮೆರಿಕದಲ್ಲಿ 1996ರ ಮಾದರಿಯಿಂದ, ಭಾರತದಲ್ಲಿ 2013ರ ಏಪ್ರಿಲ್‌ನಿಂದ, ಹೊಸ ಕಾರುಗಳಲ್ಲಿ 'ಓಬಿಡಿ-2' ಎಂಬ ತಪಾಸಣೆಯ ಏರ್ಪಾಡು ಕಡ್ಡಾಯವಾಯಿತು. ಸ್ಟಿಯರಿಂಗಿನ ಕೆಳಗೆ ಹದಿನಾರು ರಂಧ್ರಗಳ ಒಂದು ಕೊಂಡಿ ಇರುತ್ತದೆ. 'ಇಎಲ್ಎಂ327' ಎಂಬ ಚಿಪ್ಪುಳ್ಳ ಪುಟ್ಟ ಉಪಕರಣವನ್ನು ಅದಕ್ಕೆ ಚುಚ್ಚಿ ಗಣಕದಿಂದ ಪ್ರಶ್ನೆ ಕಳುಹಿಸಿದರೆ ಎಂಜಿನ್ ಉತ್ತರ ಕೊಡುತ್ತದೆ.

ಒಂದು ಉದಾಹರಣೆ. ಎಂಜಿನ್ನಿನ ತಣಿನೀರಿನ ಉಷ್ಣತೆ ಎಷ್ಟು ಎಂದು ಕೇಳಲು ಗಣಕವು '01 05' ಎಂದು ಕಳುಹಿಸುತ್ತದೆ. ಉತ್ತರವಾಗಿ '41 05 7ಬಿ' ಎಂದು ಬರುತ್ತದೆ. ಕೊನೆಯ ತುಣುಕೇ ಉತ್ತರ. ಅದು ಹದಿನಾರರ ಎಣಿಕೆಯಲ್ಲಿದೆ. ಈ ಎಣಿಕೆಯಲ್ಲಿ ಒಂಬತ್ತಾದ ಮೇಲೆ ಎ ಎಂದರೆ ಹತ್ತು, ಬಿ ಎಂದರೆ ಹನ್ನೊಂದು. 1957ಕ್ಕೆ ಮುಂಚೆ ರೂಪಾಯಿಗೆ ಹದಿನಾರು ಆಣೆ ಎಣಿಸಿದ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಇದು ಬಲು ಸುಲಭ. 7ಬಿ ಎಂದರೆ ಏಳು ರೂಪಾಯಿ ಹನ್ನೊಂದಾಣೆ; ಒಟ್ಟು ಎಷ್ಟು ಆಣೆ? ಏಳು ಹದಿನಾರಲಿ 112, ಹನ್ನೊಂದು ಕೂಡಿದರೆ 123. ಸೊನ್ನೆಗಿಂತ ಕೆಳಗಿನ ಚಳಿಯನ್ನೂ ಹೇಳಲು ಅನುಕೂಲವಾಗಲೆಂದು ಯಂತ್ರ 40ನ್ನು ಮೊದಲೇ ಕೂಡಿಸಿ ಹೇಳುತ್ತದೆ. ಅದನ್ನು ಕಳೆದರೆ 83. ಎಂಜಿನ್ನಿನ ನೀರು 83 ಡಿಗ್ರಿ ಕಾದಿದೆ ಎಂದಾಯಿತು. ಮೊಮ್ಮಕ್ಕಳ ಗಣಕವಿದ್ಯೆಯೂ ಅಜ್ಜಂದಿರ ಆಣೆಯ ಮಗ್ಗಿಯೂ ಇಲ್ಲಿ ಒಂದೇ.

ಘಾಟಿ ಹತ್ತುವಾಗ ಈ ಸಂಖ್ಯೆ ಮೆಲ್ಲಮೆಲ್ಲನೆ ಏರುತ್ತಿದ್ದರೆ, ಹೊಗೆಯಾಡುವ ಮೊದಲೇ ಗಾಡಿಯನ್ನು ಬದಿಗೆ ನಿಲ್ಲಿಸಬಹುದು. ಬ್ಯಾಟರಿಯ ವೋಲ್ಟನ್ನು ದಿನವೂ ಬರೆದಿಟ್ಟರೆ ಅದು ಮುಪ್ಪಾಗುತ್ತಿರುವುದು ಮುಂಚೆಯೇ ತಿಳಿಯುತ್ತದೆ. ಎರಡು ವಿಧಿಗಳನ್ನು ಮರೆಯಬಾರದು. ಎಂಜಿನ್ನನ್ನು ಕೇಳಿ ತಿಳಿಯಿರಿ, ಅದಕ್ಕೆ ಆಜ್ಞೆ ಮಾಡಲು ಹೋಗಬೇಡಿ. ದೋಷಸೂಚಕ ದೀಪವನ್ನು ಗಣಕದಿಂದ ಆರಿಸಿದರೆ ದೋಷ ಹೋಗದು, ವೈದ್ಯರಿಗೆ ಬೇಕಾದ ಸುಳಿವು ಮಾತ್ರ ಹೋಗುತ್ತದೆ. ಮತ್ತು ಆ ಕೊಂಡಿಯ ಹದಿನಾರನೆಯ ರಂಧ್ರದಲ್ಲಿ ಸದಾ ವಿದ್ಯುತ್ತಿರುವುದರಿಂದ, ಬಹುಕಾಲ ಕಾರು ನಿಲ್ಲಿಸುವಾಗ ಉಪಕರಣವನ್ನು ಕಿತ್ತಿಡಿ.

ರೇಡಿಯೋ ಪ್ರಿಯರಿಗೊಂದು ಮಾತು

ಕಾರಿನಲ್ಲಿ ಆಕಾಶವಾಣಿ ಕೇಳುತ್ತ ಹೋಗುವವರು ಗಣಕ ಹೂಡಿದ ದಿನವೇ ರೇಡಿಯೋ ಗೊರಗುಟ್ಟುವುದನ್ನು ಕಾಣಬಹುದು. ಕಾರಣವನ್ನು ಮೇಲೆಯೇ ಹೇಳಿದೆ. ಲಕ್ಷಕ್ಕೂ ಮಿಕ್ಕಿ ಸಲ ತೆರೆದು ಮುಚ್ಚುವ ಕನ್ವರ್ಟರು ತಾನೇ ಒಂದು ಚಿಕ್ಕ ಪ್ರಸಾರಕೇಂದ್ರದಂತೆ ವರ್ತಿಸುತ್ತದೆ. ಅದರ ಮಡಿಗಳು ರೇಡಿಯೋದ ತರಂಗಗಳ ನಡುವೆ ಬಂದು ಬೀಳುತ್ತವೆ. ಕನ್ವರ್ಟರನ್ನು ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿ ಆ ಪೆಟ್ಟಿಗೆಯನ್ನು ಗಾಡಿಯ ಲೋಹದ ಮೈಗೆ ಜೋಡಿಸುವುದು, ತಂತಿಗಳಿಗೆ ಫೆರೈಟ್ ಉಂಗುರ ತೊಡಿಸುವುದು, ಗಣಕದ ತಂತಿಗಳನ್ನು ಆಂಟೆನಾ ತಂತಿಯಿಂದ ದೂರ ಒಯ್ಯುವುದು: ಈ ಮೂರರಿಂದ ಬಹುಮಟ್ಟಿಗೆ ಶಾಂತಿ ದೊರೆಯುತ್ತದೆ.

ಚಾಲಕನ ಕಣ್ಣು

ಇದುವರೆಗೆ ಹೇಳಿದುದೆಲ್ಲ ಗಣಕವನ್ನು ಕಾರಿನಿಂದ ಕಾಪಾಡುವ ಮಾತಾಯಿತು. ಕಾರಿನಲ್ಲಿರುವವರನ್ನು ಗಣಕದಿಂದ ಕಾಪಾಡುವುದು ಅದಕ್ಕಿಂತ ಮುಖ್ಯ. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು ಹದಿನೇಳು ಮೀಟರ್ ಸಾಗುತ್ತದೆ. ಚಾಲಕನು ಎರಡು ಸೆಕೆಂಡು ಪರದೆಯನ್ನು ನೋಡಿದರೆ ಗಾಡಿ ಮೂವತ್ತಮೂರು ಮೀಟರ್ ಕುರುಡಾಗಿ ಓಡಿರುತ್ತದೆ. ಶಾಲೆಯ ಮುಂದಿನ ರಸ್ತೆಯನ್ನು ಮಗುವೊಂದು ದಾಟಲು ಅಷ್ಟು ಹೊತ್ತು ಬೇಡ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2013ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, ಚಾಲಕನು ಕಾರಿನ ಉಪಕರಣದತ್ತ ಕಣ್ಣು ಹಾಯಿಸುವ ಒಂದೊಂದು ನೋಟವೂ ಎರಡು ಸೆಕೆಂಡು ಮೀರಬಾರದು, ಒಂದು ಕೆಲಸಕ್ಕೆ ಒಟ್ಟು ಹನ್ನೆರಡು ಸೆಕೆಂಡು ಮೀರಬಾರದು ಎಂದು ಮಿತಿ ಹೇಳಿದೆ. ಕಾರು ತಯಾರಿಸುವ ದೊಡ್ಡ ಸಂಸ್ಥೆಗಳಿಗೆ ಹೇಳಿದ ಮಾತು ಮನೆಯಲ್ಲಿ ಕಟ್ಟುವ ನಮಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ಆದುದರಿಂದ ಗಾಡಿ ಓಡುತ್ತಿರುವಾಗ ಪರದೆಯಲ್ಲಿ ನಕ್ಷೆ ಮತ್ತು ಎರಡು ದೊಡ್ಡ ಅಂಕಿಗಳ ಹೊರತು ಬೇರೇನೂ ಕಾಣದಂತೆ ಮಾಡಿ. ಕಾರಿನ ವೇಗವನ್ನು ಗಣಕ ಎಂಜಿನ್ನಿನಿಂದಲೇ ತಿಳಿಯಬಲ್ಲದಾದ್ದರಿಂದ ಇದಕ್ಕೆ ನಾಲ್ಕು ಸಾಲಿನ ವಿಧಿ ಬರೆದರೆ ಸಾಕು. ಚಲನಚಿತ್ರಗಳಿಗೆ ಮುಂದಿನ ಪರದೆಯಲ್ಲಿ ಎಡೆ ಬೇಡ. ಏರ್‌ಬ್ಯಾಗು ಬಿಚ್ಚಿಕೊಳ್ಳುವ ಜಾಗದಲ್ಲಿ ಪರದೆಯನ್ನು ನಿಲ್ಲಿಸಬಾರದು; ಅಪಘಾತದ ಹೊತ್ತಿನಲ್ಲಿ ಅದು ಕಲ್ಲಿನಂತೆ ಮುಖಕ್ಕೆ ಬಡಿಯುತ್ತದೆ. ಏರ್‌ಬ್ಯಾಗಿನ ತಂತಿಗಳನ್ನು ಮುಟ್ಟಲೇ ಬಾರದು. ಸಾಮಾನ್ಯವಾಗಿ ಅವಕ್ಕೆ ಹಳದಿ ಹೊದಿಕೆ ಇರುತ್ತದೆ.

ಹೇಳಬೇಕಾದುದನ್ನು ಗಣಕವು ಕಿವಿಗೆ ಹೇಳಲಿ. ಬರಹವನ್ನು ದನಿಯಾಗಿಸುವ 'ಇಸ್ಪೀಕ್' ಎಂಬ ಉಚಿತ ತಂತ್ರಾಂಶಕ್ಕೆ ಕನ್ನಡವೂ ಬರುತ್ತದೆ. ಅದರ ಯಾಂತ್ರಿಕ ಸ್ವರ ಹಿಡಿಸದಿದ್ದರೆ ಇನ್ನೂ ಸೊಗಸಾದ ಉಪಾಯವಿದೆ. ಬೇಕಾಗುವುದು ಏಳೆಂಟು ವಾಕ್ಯಗಳು ಮಾತ್ರ: 'ಎಂಜಿನ್ ಕಾಯುತ್ತಿದೆ, ಗಾಡಿ ನಿಲ್ಲಿಸಿ', 'ಬ್ಯಾಟರಿ ಸೊರಗಿದೆ', 'ವೇಗ ಹೆಚ್ಚಾಯಿತು'. ಮನೆಯಾಕೆಯೋ ಮಗಳೋ ಇವನ್ನು ಒಮ್ಮೆ ಓದಿ ಧ್ವನಿಮುದ್ರಿಸಿಕೊಟ್ಟರೆ, ಸಮಯ ಬಂದಾಗ ಗಣಕ ಅದೇ ದನಿಯಲ್ಲಿ ನುಡಿಯುತ್ತದೆ. ಯಂತ್ರದ ಮಾತನ್ನು ಅಲಕ್ಷ್ಯ ಮಾಡುವವರೂ ಮನೆಯವರ ಮಾತಿಗೆ ಕಾಲನ್ನು ಬ್ರೇಕಿನ ಮೇಲಿಡುತ್ತಾರೆ.

ರಜೆಯಲ್ಲಿ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಈ ಕೆಲಸಕ್ಕೆ ತೊಡಗಿ. ಮೊದಲ ವಾರ ಮೇಜಿನ ಮೇಲೆ ಗಣಕ; ಎರಡನೆಯ ವಾರ ಕನ್ವರ್ಟರು ಮತ್ತು ಮಲಗಿಸುವ ಏರ್ಪಾಡು; ಮೂರನೆಯ ವಾರ ನಿಂತ ಕಾರಿನಲ್ಲಿ ಪರೀಕ್ಷೆ; ಆಮೇಲೆ ಇನ್ನೊಬ್ಬರು ಗಾಡಿ ನಡೆಸುತ್ತಿರುವಾಗ ನೀವು ಪಕ್ಕದಲ್ಲಿ ಕುಳಿತು ಪರೀಕ್ಷೆ. ಈ ಕ್ರಮವನ್ನು ಅವಸರದಿಂದ ಕೆಡಿಸದಿದ್ದರೆ ಮಕ್ಕಳು ವಿದ್ಯುತ್ತನ್ನೂ ಅಂಕಗಣಿತವನ್ನೂ ಕಲಿಯುತ್ತಾರೆ. ಮನೆಯ ಕಾರು ಎಂದಿನಂತೆ ಬೆಳಿಗ್ಗೆ ಎದ್ದು ಹೊರಡುತ್ತದೆ.